ನೀರು ಸೋಕದ ಅಡುಗೆ

ಸೊಸೆ ಬೀನ್ಸ್ ನಾರು ತೆಗೆಯುತ್ತಾ, ತಲೆ ಎತ್ತದೆ ಆ ಮಾತು ಹೇಳಿದಳು.

"ಅತ್ತಿ, ಈ ತಿಂಗಳು ಮುಗೀತಂದ್ರ ಕಾಲೇಜಿಗೆ ನನ್ನ ಕಡಿಂದ ಆಗೂದಿಲ್ಲ ಅಂತ ಹೇಳಿಬಿಡ್ತೀನ್ರಿ."

ಅವಳು ಧಾರವಾಡ ಕಡೆಯವಳು. ಕೆಮಿಸ್ಟ್ರಿ ಓದಿದವಳು. ಎರಡನೇ ಮಗಳು ಹುಟ್ಟಿದಾಗ ಪಾಠ ಹೇಳುವುದನ್ನು ಬಿಟ್ಟಿದ್ದಳು. ಈಗ ಮಾಕಳಿಯ ಆಚೆ, ತುಮಕೂರು ರಸ್ತೆಯ ಒಂದು ಕಾಲೇಜಿನಲ್ಲಿ ಮತ್ತೆ ಕೆಲಸ ಸಿಕ್ಕಿತ್ತು. ಮೊದಲ ತಿಂಗಳು ಟ್ರಯಲ್. ಆಮೇಲೆ ಅವರು ಹೂಂ ಅನ್ನಬೇಕು, ಇವಳೂ ಹೂಂ ಅನ್ನಬೇಕು. ಅವರು ಅನ್ನುವುದರಲ್ಲಿ ನನಗೆ ಸಂಶಯವಿರಲಿಲ್ಲ. ಮನೆಯಲ್ಲಿ ಪಾಠಕ್ಕೆ ತಯಾರಿ ಮಾಡುವಾಗ ಅವಳ ಮುಖ ನೋಡಿದ್ದೆ. ನಾನೂ ಸ್ಕೂಲಿನಲ್ಲಿ ಮಿಸ್ ಆಗಿದ್ದವಳು, ನನಗೆ ಆ ಮುಖ ಗೊತ್ತು.

ತೊಂದರೆ ಇದ್ದದ್ದು ಬೆಳಗಿನಲ್ಲಿ. ಕಾಲೇಜ್ ಬಸ್ಸು ಹೆಬ್ಬಾಳಕ್ಕೆ ಬರುವುದೇ ಏಳಕ್ಕೆ ಮುಂಚೆ. ಕೆಂಪಾಪುರದ ನಮ್ಮ ಫ್ಲ್ಯಾಟಿನಿಂದ ಹೆಬ್ಬಾಳ ದೂರವಲ್ಲ, ಆದರೆ ಆ ಹೊತ್ತಿನ ಟ್ರಾಫಿಕ್ ನಂಬಿ ಹೊರಡುವ ಹಾಗಿಲ್ಲ. ಮಗನಿಗೆ ಏರ್‌ಪೋರ್ಟಿನಲ್ಲಿ ಶಿಫ್ಟ್ ಕೆಲಸ. ಒಂದು ವಾರ ಕತ್ತಲಿರುವಾಗಲೇ ಹೊರಟರೆ ಇನ್ನೊಂದು ವಾರ ಹಗಲೆಲ್ಲ ನಿದ್ದೆ. ಮನೆಯಲ್ಲಿದ್ದರೆ ಕಾಫಿ ಸೋಸುತ್ತಾನೆ, ಮಕ್ಕಳಿಗೆ ಜಡೆ ಹಾಕುತ್ತಾನೆ. ಅಪ್ಪ ಹಾಕಿದ ಜಡೆ ವ್ಯಾನ್ ಹತ್ತುವಷ್ಟರಲ್ಲಿ ಬಿಚ್ಚಿಹೋಗುತ್ತದೆ ಅಂತ ಹುಡುಗಿಯರ ಕಂಪ್ಲೇಂಟ್. ಇನ್ನು ನಾನು. ಆರ್ಥ್ರೈಟಿಸ್ ಬಂದಮೇಲೆ ನನ್ನ ಬೆರಳುಗಳು ನನ್ನ ಮಾತು ಕೇಳುವುದಿಲ್ಲ. ಒಮ್ಮೆ ಕುಕ್ಕರ್ ಹಿಡಿ ಕೈಯಿಂದ ಜಾರಿ, ಬೇಳೆಯೆಲ್ಲ ನೆಲದ ಪಾಲಾಯಿತು. ನನ್ನ ಮೇಲೆ ಬೀಳಲಿಲ್ಲ, ಅಷ್ಟೇ ಪುಣ್ಯ. ಅಂದಿನಿಂದ, ಮನೆಯಲ್ಲಿ ಒಬ್ಬಳೇ ಇದ್ದಾಗ ನಾನು ಗ್ಯಾಸ್ ಹಚ್ಚಕೂಡದು ಅಂತ ಸೊಸೆಯ ಆರ್ಡರ್.

ಹಾಗಾಗಿ ಅವಳು ಹೊರಡುವ ಮುಂಚೆ ತಿಂಡಿ, ಡಬ್ಬಿಗಳು, ಜೊತೆಗೆ ನನ್ನ ಮಧ್ಯಾಹ್ನದ ಊಟ, ಎಲ್ಲ ಆಗಬೇಕು. ನಾಲ್ಕಕ್ಕೆ ಏಳುತ್ತಿದ್ದಳು. ಕಣ್ಣ ಕೆಳಗೆ ಕಪ್ಪಾಗಿತ್ತು.

"ನನ್ನ ಊಟದ ಚಿಂತೆ ಬಿಡು," ಅಂದೆ. "ಎರಡು ಸ್ಲೈಸ್ ಬ್ರೆಡ್ ತಿಂದು ಹಾಯಾಗಿರ್ತೀನಿ."

"ಬ್ರೆಡ್ ತಿಂದು ಮಾತ್ರಿ ತಗೋತೀರಿ? ನಿಮ್ಮ ಮಗ ನನ್ನ ಬೈತಾರ."

"ಅವನಿಗೆ ಹೇಗೆ ಗೊತ್ತಾಗುತ್ತೆ?"

"ನೀವ ಹೇಳ್ತೀರಿ," ಅಂದಳು. ನಕ್ಕೆವು. ಆದರೆ ಆ ನಗುವಿನ ಕೆಳಗೆ ನನಗೆ ಒಂದು ವಿಷಯ ಚುಚ್ಚುತ್ತಿತ್ತು. ಇವಳು ಕೆಲಸ ಬಿಟ್ಟರೆ ನನ್ನ ಒಂದು ತಟ್ಟೆ ಊಟಕ್ಕಾಗಿ ಬಿಟ್ಟ ಹಾಗೆ.

ಅವಳು ಪ್ರಯತ್ನ ಮಾಡದೆ ಇರಲಿಲ್ಲ. ಫೋನಿನಲ್ಲಿ ವಿಡಿಯೊ ನೋಡಿ, ಭಾನುವಾರ ಇಡೀ ವಾರದ ಅಡುಗೆ ಮುಗಿಸುವ ಪದ್ಧತಿ ಶುರು ಮಾಡಿದ್ದಳು. ಹುಳಿ ಒಂದು ಡಬ್ಬಿ, ಕೂಟು ಒಂದು ಡಬ್ಬಿ, ಹೆಚ್ಚಿದ ತರಕಾರಿ ತೊಳೆದು ಸಾಲು ಸಾಲು ಡಬ್ಬಿ. ಫ್ರಿಜ್ಜು ಬಾಗಿಲು ತೆಗೆದರೆ ಲೈಬ್ರರಿಯ ಹಾಗೆ ಕಾಣುತ್ತಿತ್ತು. ಮಂಗಳವಾರದವರೆಗೆ ಎಲ್ಲ ಚೆನ್ನ. ಬುಧವಾರ ಬೀನ್ಸ್ ಲೋಳೆ. ಗುರುವಾರ ದೊಡ್ಡ ಮೊಮ್ಮಗಳು ಡಬ್ಬಿಗೆ ಮೂಗು ಇಟ್ಟು, "ಅಮ್ಮ, ಇದು ಹುಳಿ ಅಲ್ಲ, ಫ್ರಿಜ್," ಅಂದಳು. ಶುಕ್ರವಾರ ಡಬ್ಬಿಗಳು ಹೋದ ಹಾಗೇ ವಾಪಸ್ ಬಂದವು. ಸೊಸೆ ಅವನ್ನೆಲ್ಲ ಸಿಂಕಿಗೆ ಸುರಿದು, ಮಾರನೆಯ ದಿನದಿಂದ ಮತ್ತೆ ನಾಲ್ಕಕ್ಕೆ ಏಳತೊಡಗಿದಳು.

ಬೀನ್ಸ್ ಬಿಡಿಸುತ್ತಾ ಅವಳು ಆ ಮಾತು ಹೇಳಿದ್ದು ಶನಿವಾರ. ಅವತ್ತು ನನಗೆ ನನ್ನ ಅತ್ತೆ ನೆನಪಾದರು. ಸುಮ್ಮನೆ ನೆನಪಾದದ್ದಲ್ಲ, ಹುರಿದ ಕೊತ್ತಂಬರಿ ಬೀಜದ ವಾಸನೆಯ ಸಮೇತ ಎದುರಿಗೆ ಬಂದು ಕೂತರು.

ನಾನು ಮದುವೆಯಾಗಿ ಹೋದ ಮನೆ ಆರ್.ಟಿ. ನಗರದಲ್ಲಿತ್ತು. ಆಗ ಮನೆಗಳಿಗಿಂತ ಖಾಲಿ ಸೈಟುಗಳೇ ಜಾಸ್ತಿ. ಮಹಡಿಯ ಮೇಲೆ ಬಟ್ಟೆ ಹರವುವಾಗ ಹೆಬ್ಬಾಳದ ಕಡೆಯಿಂದ ಗಾಳಿ ಸಲೀಸಾಗಿ ಬರುತ್ತಿತ್ತು. ನಾನು ಕಾನ್ವೆಂಟ್ ಬೋರ್ಡಿಂಗಿನಲ್ಲಿ ಬೆಳೆದವಳು. ಸಿಸ್ಟರ್‌ಗಳು ನನಗೆ ಕಲಿಸಿದ್ದು ಪಂಕ್ಚುಯಾಲಿಟಿ, ನೀಡಲ್‌ವರ್ಕ್, ಗಟ್ಟಿಯಾಗಿ ತಪ್ಪಿಲ್ಲದೆ ರೆಸಿಟೇಶನ್ ಮಾಡುವುದು. ಡೊಮೆಸ್ಟಿಕ್ ಸೈನ್ಸ್ ಕ್ಲಾಸಿನಲ್ಲಿ ಸ್ಪಂಜ್ ಕೇಕ್ ಮಾಡಿ ಫಸ್ಟ್ ಪ್ರೈಜ್ ಪಡೆದಿದ್ದೆ. ಅಂಥವಳು ಮಡಿ ಅಡುಗೆಮನೆಯೊಳಗೆ ಕಾಲಿಟ್ಟೆ.

ನನ್ನ ಅತ್ತೆಯ ಅಡುಗೆಮನೆಗೆ ಒಂದು ಕಾನೂನಿತ್ತು. ಮುಸುರೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಧಾನ್ಯ, ಬೇಳೆ ನೀರಿನಲ್ಲಿ ಬೆಂದರೆ ಅದು ಮುಸುರೆ. ಅನ್ನ ಮುಟ್ಟಿದ ಕೈಯಲ್ಲಿ ಉಪ್ಪಿನಕಾಯಿ ಜಾಡಿ ಮುಟ್ಟುವಂತಿಲ್ಲ, ಮೊಸರು ಮುಟ್ಟುವಂತಿಲ್ಲ, ಕೈ ತೊಳೆಯಬೇಕು. ಮುಸುರೆಯಾದದ್ದು ರಾತ್ರಿ ಕಳೆದರೆ ತಂಗಳು. ತಂಗಳನ್ನು ಅತ್ತೆ ಮುಟ್ಟುತ್ತಿರಲಿಲ್ಲ, ಮಾವ ಉಣ್ಣುತ್ತಿರಲಿಲ್ಲ. ಮನೆಗೆ ಫ್ರಿಜ್ ಬಂದಾಗಲೂ ಅದರೊಳಗೆ ಇದ್ದದ್ದು ಹಾಲು, ಮಲ್ಲಿಗೆ ಹೂವು, ನನ್ನ ಗಂಡನ ಕಣ್ಣಿನ ಡ್ರಾಪ್ಸ್, ಅಷ್ಟೇ. ಬೋರ್ಡಿಂಗಿನಲ್ಲಿ ಸಿಸ್ಟರ್‌ಗಳು ಪಾಪಗಳಲ್ಲಿ ದೊಡ್ಡದು ಯಾವುದು, ಚಿಕ್ಕದು ಯಾವುದು ಅಂತ ಹೇಳಿಕೊಡುತ್ತಿದ್ದದ್ದು ಕೇಳಿದ್ದೆನಾದ್ದರಿಂದ ನನಗೆ ಇದು ತೀರಾ ಹೊಸದು ಅನ್ನಿಸಲಿಲ್ಲ. ದೇವರು ಬೇರೆ, ಸ್ಟ್ರಿಕ್ಟ್‌ನೆಸ್ ಒಂದೇ.

ಆಮೇಲೆ ನನಗೆ ಯಶವಂತಪುರದ ಒಂದು ಸ್ಕೂಲಿನಲ್ಲಿ ಇಂಗ್ಲಿಷ್ ಮಿಸ್ ಕೆಲಸ ಸಿಕ್ಕಿತು. ಬೆಳಗಿನ ಪ್ರೇಯರ್ ಬೆಲ್ಲಿಗೆ ಅಲ್ಲಿರಬೇಕು. ಸ್ನಾನ, ಮಡಿ, ನಾಲ್ಕು ಬಗೆ ಅಡುಗೆ ಮುಗಿಸಿ ಬಸ್ ಸ್ಟಾಪಿಗೆ ಓಡುವಷ್ಟರಲ್ಲಿ ಬಸ್ಸಿನ ಹಿಂಭಾಗ ಮಾತ್ರ ಕಾಣುತ್ತಿತ್ತು. ಹೆಡ್‌ಮಿಸ್ಟ್ರೆಸ್ ಎರಡು ಸಲ ವಾರ್ನಿಂಗ್ ಕೊಟ್ಟಿದ್ದರು. ಮನೆಯಲ್ಲಿ ಅದನ್ನು ನಾನು ಹೇಳಿರಲಿಲ್ಲ. ಆದರೂ ಒಂದು ದಿನ ಅತ್ತೆ ಮಣೆಯ ಮೇಲೆ ಕೂತು, ಮೊರದಲ್ಲಿ ಮೆಣಸಿನಕಾಯಿ ಹರವಿಕೊಂಡು ನನ್ನನ್ನು ಕರೆದರು.

"ಏನೇ ಮಿಸ್ಸಮ್ಮ, ಬಾ ಇಲ್ಲಿ. ನೀರಲ್ಲಿ ಬೆಂದ್ರೆ ಏನು?"

"ಮುಸುರೆ."

"ಹುರಿದ್ರೆ?"

ನಾನು ಕ್ಲಾಸಿನಲ್ಲಿ ನಿಂತ ಹುಡುಗಿಯ ಹಾಗೆ ತಡವರಿಸಿದೆ.

"ಹುರಿದದ್ದಕ್ಕೆ ಮುಸುರೆ ಇಲ್ಲ," ಅಂದರು. "ಎಣ್ಣೇಲಿ ಆದದ್ದಕ್ಕೆ ಇಲ್ಲ. ಹಾಲಲ್ಲಿ ಕಲಸಿದ್ದಕ್ಕೆ ಇಲ್ಲ. ಅವಲಕ್ಕಿಗೆ ಇಲ್ಲ. ನೀರು ಸೋಕೋ ತನಕ ಅದು ಹತ್ತು ದಿನ ಇದ್ರೂ ತಂಗಳಲ್ಲ. ಅಷ್ಟು ಓದಿದೀಯ, ಇಷ್ಟು ಹೊಳೀಲಿಲ್ವ? ನೀರಿನ ಕೆಲಸ ಮಾತ್ರ ಬೆಳಿಗ್ಗೆಗೆ ಇಟ್ಕೋ. ಉಳಿದದ್ದೆಲ್ಲ ಇವತ್ತೇ ಮಾಡಿ ಮುಗಿಸು."

ಅಂದು ಮಧ್ಯಾಹ್ನವೆಲ್ಲ ನಾವಿಬ್ಬರೂ ಹುರಿದೆವು. ತೊಗರಿಬೇಳೆಯನ್ನು ಹದವಾಗಿ ಹುರಿದು ತರಿತರಿಯಾಗಿ ಬೀಸಿದರೆ ಬೆಳಿಗ್ಗೆ ಕುದಿಯುವ ನೀರಿಗೆ ಹಾಕಿದ ಸ್ವಲ್ಪ ಹೊತ್ತಿಗೇ ಬೇಯುತ್ತದೆ, ಕುಕ್ಕರ್ ಬೇಡ. ಹುಣಸೆಹಣ್ಣನ್ನೂ ಬಾಣಲೆಯಲ್ಲಿ ಗರಿಗರಿಯಾಗುವ ತನಕ ಬಿಸಿ ಮಾಡಿ ಮೆಣಸಿನಕಾಯಿ, ಕೊತ್ತಂಬರಿ, ಮೆಂತ್ಯದ ಜೊತೆ ಕುಟ್ಟಿದರೆ ಹುಳಿ ಹಿಂಡುವ ಕೆಲಸವೇ ಇಲ್ಲ. ಹಸಿ ಕಾಯಿಯ ಜಾಗಕ್ಕೆ ಒಣಕೊಬ್ಬರಿ. ರವೆಯನ್ನು ತುಪ್ಪದಲ್ಲಿ ಹುರಿದು, ಒಗ್ಗರಣೆಯನ್ನೂ ಅದರಲ್ಲೇ ಬೆರೆಸಿ ಡಬ್ಬಿಗೆ ತುಂಬಿದರೆ ಉಪ್ಪಿಟ್ಟಿಗೆ ಬಿಸಿನೀರು ಒಂದೇ ಬಾಕಿ. ಅವಲಕ್ಕಿಯನ್ನು ತರಿಯಾಗಿ ಪುಡಿ ಮಾಡಿಟ್ಟರೆ, ಬೆಳಿಗ್ಗೆ ಹುಳಿ, ಬೆಲ್ಲ, ಉಪ್ಪು ಕದಡಿದ ನೀರು ಸುರಿದು ಸ್ನಾನಕ್ಕೆ ಹೋಗಿ ಬರುವಷ್ಟರಲ್ಲಿ ನೆನೆದು ಅರಳಿರುತ್ತದೆ. ಗೊಜ್ಜವಲಕ್ಕಿ ರೆಡಿ.

ನನಗೆ ಬಸ್ಸು ಸಿಗತೊಡಗಿತು. ಅತ್ತೆ ಯಾಕೆ ನನಗೆ ಹಾಗೆ ದಾರಿ ಮಾಡಿಕೊಟ್ಟರು ಅಂತ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಆದರೆ ಕಾಂಪೌಂಡ್ ಗೋಡೆಯ ಆಚೆಯವರ ಜೊತೆ ಮಾತಾಡುವಾಗ, "ನಮ್ಮ ಹುಡುಗಿ ಇಂಗ್ಲಿಷ್ ಹೇಳ್ಕೊಡ್ತಾಳೆ, ದೊಡ್ಡ ದೊಡ್ಡ ಕ್ಲಾಸಿಗೆ," ಅನ್ನುತ್ತಿದ್ದದ್ದು ಕಿವಿಗೆ ಬಿದ್ದಿತ್ತು. ನಾನು ಕಲಿಸುತ್ತಿದ್ದದ್ದು ಮೂರನೇ ಕ್ಲಾಸಿಗೆ.

ಇದನ್ನೆಲ್ಲ ಸೊಸೆಗೆ ಹೇಳಿದೆ. ಅವಳ ಕೈಯಲ್ಲಿದ್ದ ಬೀನ್ಸ್ ಹಾಗೇ ನಿಂತಿತು.

"ಅಂದ್ರ ನೀರಿಲ್ಲ ಅಂದ್ರ ಕೆಡೂದಿಲ್ಲ," ಅಂದಳು ನಿಧಾನಕ್ಕೆ. "ಅತ್ತಿ, ಇದು ಮಡಿ ಅಲ್ರಿ, ಕೆಮಿಸ್ಟ್ರಿ. ನಾನು ತರಕಾರಿ ತೊಳದು ನೀರ ಇದ್ಹಾಂಗ ಡಬ್ಬಿಗೆ ತುಂಬಿದ್ದೆ ನೋಡ್ರಿ."

"ಕ್ಲಾಸಲ್ಲಿ ಇದನ್ನೇ ಹೇಳ್ಕೊಡ್ತೀಯಲ್ಲ."

"ಕ್ಲಾಸಿನ್ಯಾಗ ಬೀನ್ಸ್ ಇರೂದಿಲ್ಲರಿ."

ಈಗಲೇ ಏನೂ ತೀರ್ಮಾನ ಮಾಡಬೇಡ, ತಿಂಗಳು ಮುಗಿಯಲು ಇನ್ನೊಂದು ವಾರ ಇದೆ, ಅದನ್ನು ನೋಡೋಣ ಅಂದೆ. ಅವಳು ಮತ್ತೆ ಬೀನ್ಸ್ ಕೈಗೆತ್ತಿಕೊಂಡಳು.

ಭಾನುವಾರ ಅಡುಗೆಮನೆಯ ಬಾಗಿಲಲ್ಲಿ ನನಗೊಂದು ಕುರ್ಚಿ ಹಾಕಿದರು. ನನ್ನ ಬೆರಳು ಸೋತಿದ್ದರೂ ಮೂಗು ಸೋತಿರಲಿಲ್ಲ. ಸೊಸೆ ಹುರಿಯುವುದು, ನಾನು ವಾಸನೆ ನೋಡಿ "ಈಗ ಇಳಿಸು" ಅನ್ನುವುದು. ಮೆಂತ್ಯ ಕೆಂಪಾಗುವುದಕ್ಕೂ ಕಹಿಯಾಗುವುದಕ್ಕೂ ನಡುವೆ ಒಂದು ಗಳಿಗೆ ಇರುತ್ತದೆ, ಅದು ಕಣ್ಣಿಗೆ ಸಿಗುವುದಿಲ್ಲ. ದೊಡ್ಡ ಮೊಮ್ಮಗಳು ಮಿಕ್ಸಿಯ ಮುಂದೆ ನಿಂತಳು. ಚಿಕ್ಕವಳಿಗೆ ತರಕಾರಿಯನ್ನು ತೊಳೆದು, ಬಟ್ಟೆಯಲ್ಲಿ ಒರೆಸಿ, ಪೂರ್ತಿ ಆರಿದ ಮೇಲೆ ಅಮ್ಮನಿಗೆ ಹೆಚ್ಚಲು ಕೊಡುವ ಕೆಲಸ. ಒಂದೊಂದು ಬೀನ್ಸನ್ನೂ ಮಗುವಿಗೆ ಸ್ನಾನ ಮಾಡಿಸಿ ಒರೆಸಿದ ಹಾಗೆ ಒರೆಸಿದಳು. ಸಾಸಿವೆ, ಉದ್ದಿನಬೇಳೆ, ಇಂಗು, ಕರಿಬೇವು ಗರಿಗರಿಯಾಗುವ ತನಕ ಎಣ್ಣೆಯಲ್ಲಿ ಬಾಡಿಸಿ ಒಂದು ಬಾಟಲಿ ಒಗ್ಗರಣೆ ಮಾಡಿದೆವು. ದಿನಾ ಬಾಣಲೆ ಇಡುವ ಬದಲು ಒಂದು ಚಮಚ ಸುರಿದರೆ ಮುಗಿಯಿತು.

ಎಲ್ಲ ಆಯಿತು. ಆದರೆ ಸೊಸೆಯ ಮುಖ ತಿಳಿಯಾಗಲಿಲ್ಲ.

"ಮಕ್ಕಳ ಡಬ್ಬಿ ಆತು, ತಿಂಡಿ ಆತು," ಅಂದಳು. "ಆದ್ರ ಇದೆಲ್ಲದಕ್ಕೂ ಕಡೀಕೆ ಬಿಸಿನೀರ ಬೇಕಲ್ರಿ. ಮಧ್ಯಾಹ್ನ ನೀವು ಒಬ್ರ ಇರ್ತೀರಿ. ಗ್ಯಾಸ್ ಹಚ್ಚೂದ ಬ್ಯಾಡ. ಮುಂಜಾನಿ ಮಾಡಿದ್ದು ಆರಿ ತಣ್ಣಗಾಗಿರ್ತದ. ಅದನ್ನ ಉಣ್ರಿ ಅಂತ ಹ್ಯಾಂಗ ಹೇಳ್ಲಿ?"

ಹಾಟ್‌ಕೇಸ್ ಇದೆಯಲ್ಲ ಅಂದೆ. ಹಾಟ್‌ಕೇಸಿನಲ್ಲಿ ಅನ್ನ ಬೆವತು ಮುದ್ದೆಯಾಗುವುದು ನನಗಿಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಪುಡಿ ತುಂಬಲು ಇನ್ನೊಂದು ಡಬ್ಬಿ ಬೇಕಾಗಿ ಅವಳು ಸ್ಟೂಲ್ ಹತ್ತಿ ಅಟ್ಟದ ಮೇಲೆ ಕೈ ಹಾಕಿದಳು. ಖಾಲಿ ಡಬ್ಬಿ ಎಳೆಯುವಾಗ ಅದರ ಹಿಂದಿನಿಂದ ಬಟ್ಟೆ ಸುತ್ತಿದ ಇನ್ನೊಂದು ದೊಡ್ಡ ಡಬ್ಬಿ ಮುಂದಕ್ಕೆ ಬಂತು. ಅವಳು ಅದನ್ನು ಬೇಗ ಹಿಂದಕ್ಕೆ ತಳ್ಳಿದಳು.

"ಏನದು?"

"ಏನಿಲ್ರಿ."

"ಏನೂ ಇಲ್ಲದ್ದನ್ನ ಬಟ್ಟೆ ಸುತ್ತಿ ಇಡ್ತಾರಾ?"

"ಅಜ್ಜಿ, ಅದು ಅಮ್ಮನ ಸೀಕ್ರೆಟ್ ಸ್ಟಾಕ್," ಅಂದಳು ಚಿಕ್ಕವಳು. ದೊಡ್ಡವಳು ಅವಳ ಕಾಲು ತುಳಿದಳು. ತಡವಾಗಿತ್ತು.

ಡಬ್ಬಿ ಕೆಳಗೆ ಬಂತು. ಬಟ್ಟೆ ಬಿಚ್ಚಿದರೆ ಒಳಗೆ ಕಟಕ್ ರೊಟ್ಟಿ. ಜೋಳದ ರೊಟ್ಟಿಯನ್ನು ತೆಳ್ಳಗೆ ಬಡಿದು, ಬೇಯಿಸಿ, ಹಪ್ಪಳದ ಹಾಗೆ ಕಟಕಟ ಅನ್ನುವ ತನಕ ಒಣಗಿಸಿದ್ದು. ವಾರಗಟ್ಟಲೆ ಇಟ್ಟರೂ ಏನೂ ಆಗುವುದಿಲ್ಲ. ಪಕ್ಕದಲ್ಲಿ ಒಂದು ಬಾಟಲಿ ಕೆಂಪು ಚಟ್ನಿಪುಡಿ.

"ನಮ್ಮವ್ವ ಕಳಸ್ತಾಳರಿ," ಅಂದಳು ಸೊಸೆ. "ಶೇಂಗಾ ಹಿಂಡಿ. ಅದರಾಗ ಬಳ್ಳೊಳ್ಳಿ ಅದ. ಅದಕ್ಕ ನಿಮ್ಮ ಮುಂದ ತಗೀಲಿಲ್ಲ."

"ಬೆಳ್ಳುಳ್ಳಿ ಇದ್ರೆ ಏನಾಯ್ತು?"

"ನಮ್ಮಮ್ಮ ಬೆಳ್ಳುಳ್ಳಿ ಮುಟ್ಟೂದಿಲ್ಲ ಅಂತ ನಿಮ್ಮ ಮಗ ಲಗ್ನದಾಗ ಹೇಳಿದ್ರು."

ಮಗನದು ಸುಳ್ಳಲ್ಲ. ನಾನು ಬೆಳ್ಳುಳ್ಳಿ ತಿಂದದ್ದನ್ನು ಅವನು ಹುಟ್ಟಿದಾಗಿನಿಂದ ನೋಡಿಲ್ಲ. ಮಧ್ಯಾಹ್ನ ನಾನು ಮಲಗಿದಾಗ ತಾಯಿ ಮಕ್ಕಳು ರೂಮಿನ ಬಾಗಿಲು ಹಾಕಿಕೊಂಡು, ಕಿಟಕಿ ತೆಗೆದು, ಹಿಂಡಿ ಹಚ್ಚಿದ ರೊಟ್ಟಿ ತಿನ್ನುತ್ತಿದ್ದರಂತೆ. ನಿದ್ದೆಗಣ್ಣಿನಲ್ಲಿ ನನಗೆ ಆ ವಾಸನೆ ಬರುತ್ತಿತ್ತು. ಪಕ್ಕದ ಫ್ಲ್ಯಾಟಿನಲ್ಲಿ ದಖನಿ ಉರ್ದು ಮಾತಾಡುವ ಆಪಾ ಏನೋ ಚಂದದ್ದು ಮಾಡುತ್ತಿದ್ದಾರೆ ಅಂದುಕೊಂಡು, ಸ್ವಲ್ಪ ಹೊತ್ತು ಆ ವಾಸನೆಯಲ್ಲಿ ಮಲಗಿರುತ್ತಿದ್ದೆ.

ಯಾಕೆಂದರೆ ನಾನು ಬೆಳ್ಳುಳ್ಳಿಯ ಮೇಲೆ ಬೆಳೆದವಳು. ನಮ್ಮ ಬೋರ್ಡಿಂಗಿನ ಮೆಸ್ಸಿನಲ್ಲಿ ಶನಿವಾರ ಪೆಪ್ಪರ್ ವಾಟರ್ ಕೊಡುತ್ತಿದ್ದರು. ಅದು ನಮ್ಮ ಮೆಣಸಿನ ಸಾರೇ, ಆದರೆ ಸಿಪ್ಪೆ ಸಮೇತ ಜಜ್ಜಿದ ಬೆಳ್ಳುಳ್ಳಿ ಲೋಟದ ತಳದಲ್ಲಿ ಕೂತಿರುತ್ತಿತ್ತು. ಕಾರಿಡಾರಿನ ತುದಿಗೇ ಅದರ ವಾಸನೆ ಬರುತ್ತಿತ್ತು. ಊಟದ ಮುಂಚಿನ ಗ್ರೇಸ್ ಪ್ರಾರ್ಥನೆ ಹೇಳುವಾಗ ನಾವು ಕಣ್ಣು ಮುಚ್ಚಿ, ಮೂಗು ಮಾತ್ರ ತೆರೆದಿರುತ್ತಿದ್ದೆವು. ಮಳೆಗಾಲದಲ್ಲಿ ಕೆಮ್ಮು ಬಂದವರಿಗೆ ಎರಡು ಲೋಟ. ಎಷ್ಟೋ ಸಲ ನಾನು ಸುಳ್ಳೇ ಕೆಮ್ಮಿದ್ದೇನೆ. ಮದುವೆಯ ಮಾರನೆಯ ದಿನದಿಂದ ಅದು ನಿಂತಿತು. ಯಾರೂ ಬೇಡ ಅನ್ನಲಿಲ್ಲ, ಮನೆಯೊಳಗೆ ಬರುತ್ತಿರಲಿಲ್ಲ, ಅಷ್ಟೇ. ಅತ್ತೆ ಹೋದ ಮೇಲೂ ತರಿಸಬೇಕು ಅಂತ ಹೊಳೆಯಲಿಲ್ಲ. ನನಗೆ ಏನು ಇಷ್ಟ ಅಂತ ಕೇಳುವ ಅಭ್ಯಾಸ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ನನಗೂ ಇರಲಿಲ್ಲ.

"ತಟ್ಟೆ ತಾ," ಅಂದೆ.

"ಹಲ್ಲಿಗೆ ತ್ರಾಸಾಗ್ತದರಿ," ಅಂದಳು ಸೊಸೆ. ನನ್ನದು ಕಟ್ಟಿಸಿದ ಹಲ್ಲು. "ನಮ್ಮಜ್ಜಿಗೂ ಹಲ್ಲಿರಲಿಲ್ಲ. ಆಕಿ ಮೊಸರಾಗ ನೆನಸಿ ತಿಂತಿದ್ಲು."

ಬೋಗುಣಿಯಲ್ಲಿ ರೊಟ್ಟಿ ಮುರಿದು ಹಾಕಿ, ಮೊಸರು ಸುರಿದು, ಮೇಲೆ ಹಿಂಡಿ ಉದುರಿಸಿ, ಸ್ವಲ್ಪ ಎಣ್ಣೆ ಬಿಟ್ಟು ಕೊಟ್ಟಳು. ರೊಟ್ಟಿ ಮೊಸರನ್ನು ಕುಡಿದು ಮೆತ್ತಗಾಯಿತು. ಮೊದಲ ತುತ್ತಿಗೆ ಜೋಳದ ಸಿಹಿ, ಆಮೇಲೆ ಖಾರ, ಅದರ ಹಿಂದೆ ಬೆಳ್ಳುಳ್ಳಿ. ನನ್ನ ಕಣ್ಣು ತುಂಬಿದ್ದು ನೋಡಿ ಮಕ್ಕಳು ನೀರು ತರಲು ಓಡಿದರು. ಖಾರಕ್ಕೆ ಅಂದುಕೊಂಡಿರಬೇಕು. ಹಾಗೇ ಇರಲಿ ಅಂತ ಬಿಟ್ಟೆ.

"ಇನ್ನೊಂದು ರೊಟ್ಟಿ ಮುರಿ," ಅಂದೆ.

ಸೊಸೆ ಮುರಿಯಲಿಲ್ಲ. ನನ್ನ ಬೋಗುಣಿಯನ್ನೇ ನೋಡುತ್ತಿದ್ದಳು. "ಅತ್ತಿ, ಇದಕ್ಕ ಬೆಂಕಿ ಬೇಕಾಗೂದಿಲ್ಲ."

"ಇಲ್ಲ."

"ಕುಕ್ಕರ್ ಎತ್ತೂದಿಲ್ಲ. ಹಾಟ್‌ಕೇಸ್ ಬ್ಯಾಡ."

"ಏನೂ ಬೇಡ. ಬೋಗುಣಿ, ಮೊಸರು, ನಾನು. ಒಂದಿನ ಇದು, ಒಂದಿನ ಗೊಜ್ಜವಲಕ್ಕಿ ನೆನೆಸಿಕೊಳ್ತೀನಿ. ಅದಕ್ಕೂ ತಣ್ಣೀರು ಸಾಕು, ಒಗ್ಗರಣೆ ಬಾಟಲೀಲಿದೆ."

"ಬೇಜಾರಾಗೂದಿಲ್ಲೇನು?"

"ಬೇಜಾರಾದ ದಿನ ಬ್ರೆಡ್ ತಿಂತೀನಿ. ನಿನ್ನ ಗಂಡನಿಗೆ ಹೇಳಲ್ಲ."

ಅವಳು ನಕ್ಕಳು. ಆಮೇಲೆ, ಅತ್ತೆಯ ಕಾನೂನು ನೆನಪಾಗಿ ಅವಳನ್ನು ಸ್ವಲ್ಪ ಕೆಣಕಿದೆ. "ಆದ್ರೆ ನೋಡು, ರೊಟ್ಟಿ ನೀರಲ್ಲಿ ಕಲಸಿದ್ದು. ನಮ್ಮತ್ತೆ ಇದ್ದಿದ್ರೆ ಇದು ಮುಸುರೆ ಅಂತಿದ್ರು."

ಅವಳು ಒಂದು ರೊಟ್ಟಿ ತೆಗೆದು ನನ್ನ ಕಿವಿಯ ಹತ್ತಿರ ಹಿಡಿದು ಮುರಿದಳು. ಟಕ್ ಅಂತು. "ನೀರೆಲ್ಲ ಹಂಚು ಕುಡದದ. ಸಪ್ಪಳ ಕೇಳ್ರಿ. ಇದರಾಗ ಎಲ್ಲಿ ಅದ ನೀರು?"

ನನ್ನ ಅತ್ತೆ ಈ ವಾದವನ್ನು ಅಷ್ಟು ಸುಲಭಕ್ಕೆ ತಳ್ಳಿಹಾಕುತ್ತಿರಲಿಲ್ಲ ಅನ್ನಿಸುತ್ತದೆ. ಮಣೆಯ ಮೇಲೆ ಕೂತು, ಗಲ್ಲಕ್ಕೆ ಕೈ ಹಚ್ಚಿ, ಸಾಕಷ್ಟು ಹೊತ್ತು ಯೋಚಿಸುತ್ತಿದ್ದರು. ಬೆಳ್ಳುಳ್ಳಿಯ ವಿಷಯದಲ್ಲಿ ಮಾತ್ರ ಅವರನ್ನು ಒಪ್ಪಿಸುವುದು ನನ್ನ ಕೈಲಿ ಆಗುತ್ತಿರಲಿಲ್ಲ.

ಆ ವಾರ ಸೊಸೆ ಐದೂವರೆಗೆ ಎದ್ದಳು. ಅನ್ನ ಒಂದನ್ನು ಕುಕ್ಕರಿಗೆ ಇಟ್ಟು, ಹುಳಿಗೆ ನೀರು ಕುದಿಸಿ, ಮಕ್ಕಳ ಡಬ್ಬಿ ಕಟ್ಟಿ, ನಿಂತು ಕಾಫಿ ಕುಡಿಯದೆ ಕೂತು ಕುಡಿದಳು. ಬುಧವಾರದ ಬೀನ್ಸ್ ಭಾನುವಾರದ ಬೀನ್ಸಿನ ಹಾಗೇ ಮುರಿಯಿತು. ಮಕ್ಕಳ ಡಬ್ಬಿಗಳು ಖಾಲಿಯಾಗಿ ಬಂದವು. ಒಂದು ದಿನ ಅವಳಿಗೆ ಬಸ್ಸು ತಪ್ಪಿತು, ಅದಕ್ಕೆ ಕಾರಣ ಅಡುಗೆಯಲ್ಲ, ಚಿಕ್ಕವಳ ಶೂ. ಅವಳು ಹೊರಟ ಮೇಲೆ ಮಕ್ಕಳನ್ನು ವ್ಯಾನ್ ಹತ್ತಿಸುವುದು ನನ್ನ ಕೆಲಸ. ಅದಾದ ಮೇಲೆ ಮನೆ ಇದ್ದಕ್ಕಿದ್ದಂತೆ ಸುಮ್ಮನಾಗುತ್ತಿತ್ತು. ಹುರಿದ ಕೊತ್ತಂಬರಿಯ ವಾಸನೆ ಪರದೆಗಳಲ್ಲಿ ಇನ್ನೂ ಉಳಿದಿರುತ್ತಿತ್ತು. ಪೇಪರ್ ಓದುವ ನೆಪದಲ್ಲಿ ಕೂತು ನಾನು ಆರ್.ಟಿ. ನಗರದ ಆ ಅಡುಗೆಮನೆಗೆ ಹೋಗಿ ಬರುತ್ತಿದ್ದೆ. ಬಸ್ಸಿಗೆ ಓಡುವ ನನ್ನ ಹಿಂದೆ ಅತ್ತೆ ಏನು ಮಾಡುತ್ತಿದ್ದರು ಅಂತ ಆಗ ಯೋಚಿಸಿರಲಿಲ್ಲ. ಅವರೂ ಹೀಗೇ, ಕೆಲಸವೆಲ್ಲ ಮುಗಿದ ಮನೆಯಲ್ಲಿ, ನಾನು ತಲುಪಿದೆನೋ ಇಲ್ಲವೋ ಅಂತ ಗಡಿಯಾರ ನೋಡುತ್ತಾ ಕೂತಿರುತ್ತಿದ್ದರೇನೋ. ಆಗ ಫೋನ್ ಇರಲಿಲ್ಲ.

ತಿಂಗಳು ಮುಗಿದ ದಿನ ಮಧ್ಯಾಹ್ನ ನಾನು ರೊಟ್ಟಿ ನೆನೆಹಾಕಿಕೊಂಡು ಕೂತಿದ್ದೆ. ಫೋನ್ ಬಂತು. ಹಿಂದೆ ಹುಡುಗ ಹುಡುಗಿಯರ ಗಲಾಟೆ.

"ಅತ್ತಿ, ಊಟ ಆತೇನ್ರಿ?"

"ಮಾಡ್ತಾ ಇದೀನಿ. ನಿಂದು?"

"ಆತು. ಸ್ಟಾಫ್ ರೂಮಿನ್ಯಾಗ ಹಿಂಡಿ ಬಾಟಲಿ ಖಾಲಿ ಮಾಡಿಬಿಟ್ರು. ನಮ್ಮವ್ವಗ ಇನ್ನೊಂದು ಹೇಳಬೇಕು." ಹಿಂದಿನ ಗಲಾಟೆ ದೂರವಾಯಿತು. "ಪ್ರಿನ್ಸಿಪಾಲ್ರು ಕರದಿದ್ರು. ಹೂಂ ಅಂದ್ ಬಂದೆ."

ಎಷ್ಟೆಂದರೂ ನಾನು ಮಿಸ್ ಆಗಿದ್ದವಳು, "ಗುಡ್," ಅಂದೆ. "ವೆರಿ ಗುಡ್."

"ರಾತ್ರಿಗೆ ಏನ್ ಮಾಡೂಣು?"

"ನೀನು ಬಾ ಮೊದಲು," ಅಂದೆ. "ಬೆಳ್ಳುಳ್ಳಿ ಮಾತ್ರ ಮರೀದೆ ತಗೊಂಡ್ ಬಾ. ಪೆಪ್ಪರ್ ವಾಟರ್ ಹೇಗೆ ಮಾಡೋದು ಅಂತ ಹೇಳ್ಕೊಡ್ತೀನಿ."